ಹುಗ್ಗಿ ಗೋಧಿ ಬಿತ್ತಿದ ಡಿಸೆಂಬರ್

ನಮ್ಮ ಮನೆಯ ಕ್ರಿಸ್‌ಮಸ್ ಒಂದು ಬುಟ್ಟಿ ಎರೆಮಣ್ಣಿನಿಂದ ಶುರುವಾಗುತ್ತದೆ. ನವೆಂಬರ್ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಹಿರಿಯಾಕೆ, ನಮ್ಮ ಕಾಕು, ಸಾಲೋಟಗಿ ರಸ್ತೆಯಲ್ಲಿರುವ ತಮ್ಮ ಹೊಲದಿಂದ ಮಣ್ಣು ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿ, "ತಗೋರವಾ, ನಿಮ್ಮ ಯೇಸಪ್ಪನ ಹೊಲ ಬಂತು" ಎನ್ನುತ್ತಾರೆ. "ಹೊಲ ನಿಮ್ದರಿ ಕಾಕು, ಯೇಸಪ್ಪ ಬರೇ ಪಾಲಿಗೆ ಮಾಡ್ತಾನ" ಎಂದು ನಾನು ಅನ್ನುತ್ತೇನೆ. ಪ್ರತಿವರ್ಷ ಅದೇ ಮಾತು. ಪ್ರತಿವರ್ಷವೂ ಇಬ್ಬರೂ ಈಗಷ್ಟೇ ಕೇಳಿದವರಂತೆ ನಗುತ್ತೇವೆ.

ನಾವಿರುವುದು ಇಂಡಿಯಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು. ಯಜಮಾನರು ಬಸ್ ಡ್ರೈವರ್. ಸಿಂದಗಿ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟಿ ಬರುವ ಬಸ್ಸು ಅವರದು. ನಾನು ಹೇಳಹೊರಟ ವರ್ಷ ಮಗ ಮೂರನೇ ಇಯತ್ತೆಯಲ್ಲಿದ್ದ, ಮಗಳು ಆಗಷ್ಟೇ ಒಂದನೇ ಇಯತ್ತೆಗೆ ಸೇರಿದ್ದಳು. ನಮ್ಮೆಲ್ಲರ ಮೇಲೆ ನನ್ನ ಅತ್ತೆ. ಮಕ್ಕಳು ಅವರನ್ನು ಆಯಿ ಎನ್ನುತ್ತಾರೆ, ಮಕ್ಕಳನ್ನು ಕೇಳಿ ಇಡೀ ಓಣಿಯೂ ಆಯಿ ಎನ್ನುತ್ತದೆ, ಇಲ್ಲಿ ನಾನೂ ಹಾಗೇ ಕರೆಯುತ್ತೇನೆ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಫಾದರ್ ವಿಜಯಪುರದಿಂದ ಬರಬೇಕು, ನಮ್ಮದಾದ ಮೇಲೆ ಇನ್ನೊಂದು ಊರಿಗೂ ಹೋಗಬೇಕು. ಹಾಗಾಗಿ ಹಬ್ಬದ ಹಿಂದಿನ ದಿನದ ಪೂಜೆ ನಮ್ಮಲ್ಲಿ ಸಂಜೆಯೇ ಮುಗಿದುಹೋಗುತ್ತದೆ.

ಡಿಸೆಂಬರ್ ಎಂದರೆ ನನಗೆ ಉಸಿರಾಡಲೂ ಪುರಸೊತ್ತಿಲ್ಲದ ತಿಂಗಳು. ಊರವರ ಜಂಪರುಗಳನ್ನೆಲ್ಲ ಹೊಲಿದು ಕೊಟ್ಟ ಮೇಲೆ ನಮ್ಮ ಮನೆಯ ಸರದಿ. ಒಂದೇ ತಾನು ಬಟ್ಟೆ ತಂದು ಅದರಲ್ಲೇ ಮಗಳ ಫ್ರಾಕು, ಮಗನ ಅಂಗಿ, ಅವರಪ್ಪನ ಅಂಗಿ, ನನ್ನ ಜಂಪರು. ಇನ್ನೂ ಉಳಿದರೆ ದಿಂಬಿನ ಚೀಲ. ಆ ವರ್ಷದ ಬಟ್ಟೆ ಹಳದಿ, ಅದರ ತುಂಬ ನೀಲಿ ಹೂವು. ಯಜಮಾನರು ಅಂಗಿಯನ್ನು ಎದೆಗೆ ಹಿಡಿದು ನೋಡಿ, "ಇದನ್ನ ಹಾಕ್ಕೊಂಡು ಬಸ್ಸಿನ್ಯಾಗ ಕುಂತ್ರ ಮಂದಿ ಪಡದಾ ಅಂತ ತಿಳದು ಸರಸ್ತಾರ ನೋಡು" ಎಂದರು. "ಸರಸಲಿ ಬಿಡ್ರಿ, ಗಾಳಿ ಬರ್ತೈತಿ" ಎಂದೆ. ಮುಖ ಹುಳಿ ಮಾಡಿಕೊಂಡರೂ ಹಬ್ಬದ ದಿನ ಅದನ್ನೇ ಹಾಕಿಕೊಂಡು ಮನೆಮನೆಗೆ ಸಿಹಿ ಹಂಚಿ ಬರುವವರು ಅವರೇ.

ಹಿತ್ತಲಲ್ಲಿ ಒಂದು ನಿಂಬೆ ಗಿಡವಿದೆ. ನಿಂಬೆಗೇ ಹೆಸರಾದ ಇಂಡಿಯಲ್ಲಿ ನಿಂಬೆ ಗಿಡ ಇರುವುದು ಹೇಳಿಕೊಳ್ಳುವ ಸಂಗತಿಯಲ್ಲ. ನಮಗೆ ಅದೇ ಕ್ರಿಸ್‌ಮಸ್ ಮರ. ಮಕ್ಕಳು ಅದಕ್ಕೆ ಲೈಟಿನ ಸರ ಸುತ್ತುತ್ತಾರೆ, ಬಣ್ಣದ ಕಾಗದ ಕಟ್ಟುತ್ತಾರೆ, ಮುಳ್ಳು ಚುಚ್ಚಿಸಿಕೊಂಡು ಅಳುತ್ತಾರೆ, ಅಳು ನಿಲ್ಲಿಸಿ ಮತ್ತೆ ಕಟ್ಟುತ್ತಾರೆ. ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಗೋಡೆಯಾಚೆಯಿಂದ ಇಣುಕಿ, "ಇಷ್ಟೆಲ್ಲಾ ನಿಂಬಿಹಣ್ಣ ತೂಗಬಿಟ್ಟೀರಲ್ಲರಿ, ಅಂಥಾದ್ದು ಯಾರ ದೃಷ್ಟಿ ಬಿದ್ದೈತ್ರಿ ನಿಮಗ?" ಎಂದು ಗಾಬರಿಯಿಂದ ಕೇಳಿದಳು. ಆಕೆಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಹಬ್ಬದ ಜೀವ ಮಾತ್ರ ಗೋದಲಿಯಲ್ಲಿ. ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಮಲಗಿದ್ದು ಮೇವಿನ ಗೋದಲಿಯಲ್ಲಿ ಎಂದು ಪಡಸಾಲೆಯ ಮೂಲೆಯಲ್ಲಿ ಒಂದು ಪುಟ್ಟ ಕೊಟ್ಟಿಗೆ ಕಟ್ಟುತ್ತೇವೆ. ಕಾಕು ಕೊಟ್ಟ ಒಣ ಜೋಳದ ದಂಟೇ ಅದರ ಮಾಡು. ಮರಿಯಮ್ಮ, ಜೋಸೆಫರು, ಕುರುಬರು ನನ್ನ ಮಾವ ಇದ್ದಾಗ ತಂದ ಬೊಂಬೆಗಳು. ಎತ್ತುಗಳು ಮಾತ್ರ ಮಕ್ಕಳವು. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಮಕ್ಕಳ ಜೊತೆ ಕುಳಿತು ಮಾಡಿದ ಜೋಡೆತ್ತುಗಳನ್ನು ಇವರು ನೀರಿಗೆ ಬಿಡದೆ, ಕ್ರಿಸ್‌ಮಸ್ಸಿಗೆ ಬೇಕೆಂದು ಅಟ್ಟದ ಮೇಲೆ ಕಾದಿಡುತ್ತಾರೆ. ಹೀಗಾಗಿ ನಮ್ಮ ಬೆತ್ಲೆಹೇಮಿನಲ್ಲಿ ಕುರಿ ಕಡಿಮೆ, ಎತ್ತು ಜಾಸ್ತಿ, ಎತ್ತುಗಳಲ್ಲಿ ಕೋಡು ಮುರಿದವೇ ಬಹಳ.

ಬಾಲಯೇಸುವಿನ ಮೂರ್ತಿ ಆಯಿಯ ಟ್ರಂಕಿನಲ್ಲಿ, ಹತ್ತಿ ತುಂಬಿದ ಡಬ್ಬಿಯೊಳಗೆ ಇರುತ್ತದೆ. ಹಬ್ಬದ ಹಿಂದಿನ ಸಂಜೆ ಆಯಿ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿಯುತ್ತಾರೆ, ಅಷ್ಟೇ. ಮೂರ್ತಿಯನ್ನು ಎತ್ತಿ ಗೋದಲಿಯಲ್ಲಿ ಮಲಗಿಸುವುದು ಮಗುವಿನ ಕೆಲಸ. ಆ ಕೆಲಸಕ್ಕೆ ಆಯಿಯದೊಂದು ಕರಾರಿದೆ. ಕ್ರಿಸ್‌ಮಸ್ಸಿಗೆ ಅಣಿಯಾಗುವ ನಾಲ್ಕು ವಾರದ ಆಗಮನ ಕಾಲದ ಮೊದಲ ಭಾನುವಾರ ಮಣ್ಣಿನ ತಾಟಿನಲ್ಲಿ ಎರೆಮಣ್ಣು ಹರವಿ ಗೋಧಿ ಬಿತ್ತಬೇಕು. ಹಬ್ಬದ ಹೊತ್ತಿಗೆ ಗೇಣುದ್ದ ಬಂದ ಹಸಿರನ್ನು ಕತ್ತರಿಸಿ ಗೋದಲಿಯಲ್ಲಿ ಹಾಸಬೇಕು. ಬೆಳೆದವರೇ ಹಾಸಬೇಕು, ಹಾಸಿದವರೇ ಮಲಗಿಸಬೇಕು, ಕೂಸನ್ನು ನೋಡಲು ಮೂವರು ರಾಜರು ಬಂದರೆನ್ನುವ ಜನವರಿಯ ಮೂರು ರಾಯರ ಹಬ್ಬದ ದಿನ ಅವರೇ ಎತ್ತಿ ಡಬ್ಬಿಗೆ ಹಾಕಬೇಕು. ಇನ್ನೊಬ್ಬರ ಗೋಧಿ ನಡೆಯುವುದಿಲ್ಲ.

ಅಲ್ಲಿಯವರೆಗೆ ಮಗನೇ ಮಲಗಿಸುತ್ತಿದ್ದ. ಸಾಲೆಗೆ ಸೇರಿದ ಮೇಲೆ ನಿನ್ನ ಸರದಿ ಎಂದು ಮಗಳಿಗೆ ಮಾತು ಕೊಟ್ಟಾಗಿತ್ತು. ಅವಳು ದಸರಾ ರಜೆಯಿಂದಲೇ ತಾಲೀಮು ನಡೆಸಿದ್ದಳು. ನನ್ನ ಲಟ್ಟಣಿಗೆಯನ್ನು ಟವೆಲಿನಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, "ಶ್, ಸಪ್ಪಳ ಮಾಡಬ್ಯಾಡ್ರಿ, ಈಗ ಕಣ್ಣ ಹತ್ತ್ಯಾವ" ಎಂದು ನಮ್ಮನ್ನೆಲ್ಲ ಬೈಯುತ್ತಿದ್ದಳು. ಚಪಾತಿ ಮಾಡಬೇಕಾದಾಗ ನಾನು ಲಟ್ಟಣಿಗೆಯ ಜೋಗುಳ ಮುಗಿಯುವವರೆಗೆ ಕಾಯಬೇಕಿತ್ತು. ನನ್ನಂಥ ಮುಂಗೋಪಿ ಅದನ್ನು ಸಹಿಸಿಕೊಂಡಿದ್ದೇ ದೊಡ್ಡದು.

ಬಿತ್ತುವ ಭಾನುವಾರ ಆಯಿ ಇಬ್ಬರನ್ನೂ ಕೂರಿಸಿಕೊಂಡು, "ಚಲೋ ಕಾಳು ಆರಿಸಿ ಹಾಕ್ರಿ, ದೇವರಿಗೆ ಹಾಸೂದು ಐತಿ" ಎಂದು ಹೇಳಿದರು. ಮಗ ಗೋಧಿ ಚೀಲದಿಂದ ಒಂದು ಮುಷ್ಟಿ ಬಾಚಿ ತಂದು ಚೆಲ್ಲಿದ. ಮಗಳು ಅಡುಗೆಮನೆಯಲ್ಲಿ ಬಹಳ ಹೊತ್ತು ಇದ್ದು, ಮುಷ್ಟಿ ಬಿಗಿ ಹಿಡಿದುಕೊಂಡು ಬಂದಳು. ಒಂದೊಂದೇ ಕಾಳನ್ನು ಬೆರಳಿನಿಂದ ಒತ್ತಿ ಮಣ್ಣು ಮುಚ್ಚಿದಳು. ಮರುದಿನ ಆಯಿ ತಮ್ಮ ಮಗಳ ಮನೆಗೆ ಬಾಗೇವಾಡಿಗೆ ಹೋದರು. ಅಲ್ಲಿ ಮೊಮ್ಮಗಳ ಬಾಣಂತನವಿತ್ತು.

ಮಗನ ತಾಟಿನಲ್ಲಿ ಮೊದಲು ಬಿಳಿಯ ಮೊನೆಗಳು ಕಂಡವು, ಆಮೇಲೆ ಅವು ಹಸಿರಾದವು. ಮಗಳ ತಾಟು ಕಪ್ಪಗೇ ಇತ್ತು. ಮಗನಿಗೆ ಹಿಗ್ಗು. ಸ್ಕೇಲು ತಂದು ದಿನಾ ಅಳೆಯುತ್ತ, "ನೋಡು, ನಂದು ನಿನ್ನ ಬೆರಳಿಗಿಂತ ಉದ್ದ ಆತು" ಎಂದು ಅವಳನ್ನು ಕಾಡುತ್ತಿದ್ದ. ಅವಳು ಅಳಲಿಲ್ಲ. ಹಟಮಾರಿ. "ನನ್ನ ಗೋದಿ ಇನ್ನೂ ಮಲಗ್ಯಾವ. ಥಂಡಿ ಐತಲ್ಲ" ಎಂದು ತಾಟಿನ ಮೇಲೆ ತನ್ನ ಮಫ್ಲರ್ ಹೊದಿಸಿದಳು. ಬೆಳಿಗ್ಗೆ ಹಲ್ಲುಜ್ಜುವುದಕ್ಕಿಂತ ಮೊದಲು ಮಫ್ಲರ್ ಎತ್ತಿ ನೋಡುವಳು, ಮತ್ತೆ ಹೊದಿಸುವಳು. ಮಷೀನಿನ ಮುಂದೆ ಕುಳಿತ ನನಗೆ ಅವಳ ಬೆನ್ನು ಕಾಣುತ್ತಿತ್ತು.

ಆಯಿಗೆ ಫೋನ್ ಮಾಡಿದೆ. "ನಾ ಬರೂತನಕ ಯಾರೂ ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ಇಟ್ಟುಬಿಟ್ಟರು. ನನಗೆ ಮೈ ಉರಿದುಹೋಯಿತು. ಮಗು ಬರೀ ಮಣ್ಣು ನೋಡಿ ಕೊರಗುತ್ತಿದ್ದರೆ ಈ ಮುದುಕಿಗೆ ಕರಾರಿನದೇ ಚಿಂತೆ ಎಂದು ಯಜಮಾನರ ಮುಂದೆ ಕೂಗಾಡಿದೆ. ಅವರು, "ನನಗ ಬಸ್ಸಿಂದಷ್ಟ ಕೇಳು" ಎಂದು ಜಾರಿಕೊಂಡರು.

ಹಬ್ಬಕ್ಕೆ ಸ್ವಲ್ಪವೇ ದಿನ ಉಳಿದಿರುವಾಗ ಆಯಿ ಯಜಮಾನರ ಬಸ್ಸಿನಲ್ಲೇ ಬಾಗೇವಾಡಿಯಿಂದ ಬಂದು ಇಳಿದರು. ಮಕ್ಕಳು ಸಾಲೆಗೆ ಹೋಗಿದ್ದರು. ಚಹಾ ಕೊಟ್ಟು ನಾನು ನೇರವಾಗಿಯೇ ಹೇಳಿದೆ: "ಅಣ್ಣನ ತಾಟಿನ್ಯಾಗಿನ ಅರ್ಧಾ ಗೋದಿ ಬೇರ ಸಮೇತ ತಗದು ಆಕಿ ತಾಟಿನ್ಯಾಗ ನೆಟ್ಟಬಿಡ್ತೇನ್ರಿ. ಸಣ್ಣ ಹುಡುಗಿ, ಆಕಿಗೇನ ಗೊತ್ತಾಕ್ಕೈತಿ?"

ಆಯಿ ಚಹಾದ ಬಶಿ ಕೆಳಗಿಟ್ಟರು. "ಆಕಿಗೆ ಗೊತ್ತಾಗೂದಿಲ್ಲ. ನನಗ ಗೊತ್ತಾಕ್ಕೈತೆಲ್ಲವಾ."

"ಅಂಥಾ ಏನ್ ಕರಾರರಿ ಅತ್ತಿ ಅದು? ಯಾವ ಫಾದರ್ ಹೇಳ್ಯಾರ?"

"ಯಾರೂ ಹೇಳಿಲ್ಲ. ನಾನ ಹಾಕೇನಿ." ಅವರು ನನ್ನ ಮುಖ ನೋಡದೆ ಹೇಳತೊಡಗಿದರು. "ಮುದ್ದೇಬಿಹಾಳದಾಗ ನಮ್ಮ ತವರಮನ್ಯಾಗ ಗೋದಿ ಬಿತ್ತಾಕಿ ನಾನು, ನೀರ ಹಾಕಾಕಿ ನಾನು. ಹಬ್ಬದ ದಿನ ನಮ್ಮಪ್ಪ ಕತ್ತರಿ ನಮ್ಮ ತಮ್ಮನ ಕೈಯಾಗ ಕೊಡಾಂವ. ಹೆಣ್ಣ ಹುಡುಗ್ಯಾರು ಮೂರ್ತಿ ಮುಟ್ಟೂಹಂಗ ಇರಲಿಲ್ಲ. ಪ್ರತಿವರ್ಷ ನನ್ನ ಗೋದಿ ಮ್ಯಾಲ ಅಂವ ಮಲಗಸಾಂವ, ನಾ ಬಾಗಲಾಗ ನಿಂತ ನೋಡಾಕಿ. ಈ ಮನಿಗೆ ಬಂದು ನನಗ ಮಕ್ಕಳಾದ ಮ್ಯಾಲ ಹೇಳೇನಿ, ಯಾರ ಬೆಳದಾರ ಅವ್ರ ಮಲಗಸಬೇಕು, ಗಂಡಾಗಲಿ ಹೆಣ್ಣಾಗಲಿ. ಈಗ ಅಣ್ಣನ ಗೋದಿ ಈಕಿಗೆ ಕೊಟ್ರ ಅದು ಮತ್ತ ತಿರುಗಿ ಅಲ್ಲಿಗೇ ಹೋತು."

"ಹಂಗಾರ ನೀವು ಯಾವತ್ತೂ ಮಲಗಿಸಿಲ್ಲೇನ್ರಿ?" ಎಂದು ಕೇಳಿದೆ.

"ನಾ ಇಲ್ಲಿಗೆ ಬರೂದ್ರಾಗ ದೊಡ್ಡಾಕಿ ಆಗಿದ್ನೆಲ್ಲ. ಅದು ಹುಡುಗೂರ ಕೆಲಸ" ಎಂದು ಎದ್ದು, ಮಗಳ ತಾಟಿನ ಮೇಲಿನ ಮಫ್ಲರ್ ತೆಗೆದು ಮಣ್ಣಲ್ಲಿ ಬೆರಳಾಡಿಸಿದರು. ಒಂದು ಕಾಳು ಹೊರಗೆ ಬಂತು. ಊದಿಕೊಂಡು ಮೆತ್ತಗಾಗಿತ್ತು, ಬೆಳ್ಳಗಿತ್ತು. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದರು. ನಗು ನಿಲ್ಲಲೇ ಇಲ್ಲ. "ಇದು ಹುಗ್ಗಿ ಗೋದಿ ಅಲ್ಲೇನವಾ!"

ಹುಗ್ಗಿಗೆಂದು, ಅಂದರೆ ಬೆಲ್ಲ ಹಾಕಿದ ಗೋಧಿ ಪಾಯಸಕ್ಕೆಂದು, ನಾವು ಗೋಧಿಯನ್ನು ನೀರು ಚಿಮುಕಿಸಿ, ಒರಳಿನಲ್ಲಿ ಹಾಕಿ ಕುಟ್ಟಿ, ಮೇಲಿನ ಹೊಟ್ಟು ಹೋಗುವಂತೆ ಕೇರಿ, ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬಿಡುತ್ತೇವೆ. ಹೊಟ್ಟು ಹೋದ ಆ ಕಾಳು ಬೆಳ್ಳಗೆ, ದುಂಡಗೆ ನೋಡಲು ಬಲು ಚೆಂದ. ಕುಟ್ಟುವಾಗಲೇ ಅದರ ಮೊಳಕೆಯ ಕಣ್ಣು ಹೋಗಿರುತ್ತದೆ. ಅದನ್ನು ಎಂಥ ಮಣ್ಣಲ್ಲಿ ಬಿತ್ತಿ ಎಷ್ಟು ಮಫ್ಲರ್ ಹೊದಿಸಿದರೂ ಅದು ಏಳುವುದಿಲ್ಲ.

ಸಾಲೆಯಿಂದ ಬಂದ ಮಗಳನ್ನು ಆಯಿ ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದರು. ಅವಳು ನ್ಯಾಯಾಧೀಶರ ಮುಂದೆ ನಿಂತವಳ ಹಾಗೆ ಹೇಳಿದಳು: "ನೀನ ಹೇಳಿದ್ದಿ, ಚಲೋ ಕಾಳು ಹಾಕು ಅಂತ. ಚೀಲದಾಗಿನ ಗೋದ್ಯಾಗ ಹರಳ ಅದಾವು, ಕಡ್ಡಿ ಅದಾವು. ಹುಗ್ಗಿ ಗೋದಿ ಮಂದಿ ಬಂದಾಗಷ್ಟ ತಗೀತೀರಿ. ಯೇಸಪ್ಪ ಮಂದಿ ಅಲ್ಲೇನ?"

ನಮ್ಮ ಮನೆಯಲ್ಲಿ ಮಂದಿ ಎಂದರೆ ಬೀಗರು ಬಿಜ್ಜರು. ಅವರಿಗಿಟ್ಟಿದ್ದನ್ನೇ ಅವಳು ದೇವರಿಗೆ ತೆಗೆದಿದ್ದಳು. ಆಯಿ ಅವಳ ತಲೆ ನೇವರಿಸಿ, "ನೀ ಮಾಡಿದ್ದು ತಪ್ಪಲ್ಲ. ಆದ್ರ ಇವು ಉಣ್ಣೂ ಕಾಳು, ಹುಟ್ಟೂ ಕಾಳಲ್ಲ" ಎಂದರು. ಆಗ ಮಾತ್ರ ಅವಳು ಅತ್ತಳು. ಅಷ್ಟು ದಿನ ತಡೆದಿಟ್ಟಿದ್ದನ್ನೆಲ್ಲ ಒಂದೇ ಸಲಕ್ಕೆ ಅತ್ತಳು.

ಅವತ್ತೇ ಇಬ್ಬರೂ ಕೂಡಿ ಮತ್ತೆ ಬಿತ್ತಿದರು. ಚೀಲದ ಗೋಧಿಯನ್ನೇ ಆರಿಸಿ, ಮಗಳು ಕಾಳು ಒತ್ತಿದಳು, ಆಯಿ ಮಣ್ಣು ಮುಚ್ಚಿದರು. "ಹಬ್ಬಕ್ಕ ಬರ್ತಾವೇನ ಆಯಿ?" ಎಂದರೆ, "ಬಂದ್ರೂ ಬರಬಹುದು, ಬರಲಿಕ್ಕೂ ಇಲ್ಲ" ಎಂದರು. ಸುಳ್ಳು ಸಮಾಧಾನ ಹೇಳುವ ಪೈಕಿ ಅಲ್ಲ ಅವರು. ಆಮೇಲೆ ಆ ತಾಟಿನ ಉಪಚಾರವೇ ಉಪಚಾರ. ಹಗಲು ಮಾಳಿಗೆಯ ಬಿಸಿಲಿಗೆ, ಸಂಜೆ ಒಲೆಯ ಕಾವಿಗೆ. ನಾನು ಕರ್ಜಿಕಾಯಿ ತುಂಬುತ್ತಿದ್ದರೆ, ಶೇಂಗಾ ಹೋಳಿಗೆ ಬೇಯಿಸುತ್ತಿದ್ದರೆ ಪಕ್ಕದಲ್ಲೇ ಅದು. ಎಣ್ಣೆ ಸಿಡಿದೀತೆಂದು ನಾನು ಅದಕ್ಕೆ ಮುಚ್ಚಳ ಹುಡುಕಬೇಕು. ಯಜಮಾನರು ಸಿಂದಗಿಯಲ್ಲಿ ಬಸ್ಸು ನಿಲ್ಲಿಸಿ ಫೋನ್ ಮಾಡುವರು, ಮುದ್ದೇಬಿಹಾಳದಲ್ಲಿ ನಿಲ್ಲಿಸಿ ಫೋನ್ ಮಾಡುವರು: "ಬಂತೇನು?" ಕಂಡಕ್ಟರು ಮನೆಯಲ್ಲಿ ಯಾರೋ ಹೆರಿಗೆಗೆ ಇದ್ದಾರೆಂದೇ ತಿಳಿದಿದ್ದನಂತೆ.

ಹಬ್ಬದ ಹಿಂದಿನ ಸಂಜೆ ನಾವೆಲ್ಲ ಹಳದಿ ಬಟ್ಟೆ ತೊಟ್ಟು ಗೋದಲಿಯ ಮುಂದೆ ನಿಂತೆವು. ಮಗನ ತಾಟಿನಲ್ಲಿ ಗೇಣುದ್ದದ ಹಸಿರು ಬಾಗಿ ನಿಂತಿತ್ತು. ಮಗಳ ತಾಟಿನಲ್ಲಿ ಕಪ್ಪು ಮಣ್ಣು ಸೀಳಿಕೊಂಡು ಮೊನೆಗಳು ಬಂದಿದ್ದವು, ಸೂಜಿಯ ಮೊನೆಯಷ್ಟೇ. ಕತ್ತರಿ ಹಿಡಿಯಲು ಅಲ್ಲೇನೂ ಇರಲಿಲ್ಲ. ಇಷ್ಟು ದಿನ ಕಾಡಿದ ಮಗ ಇದ್ದಕ್ಕಿದ್ದಂತೆ ತನ್ನ ತಾಟನ್ನು ಅವಳ ಮುಂದೆ ಸರಿಸಿ, "ನಂದು ಕೊಯ್ಕೊ. ನೀನ ಮಲಗಸು" ಎಂದ. ನನಗೆ ಅವನನ್ನು ಎತ್ತಿ ಮುದ್ದಾಡಬೇಕೆನ್ನಿಸಿತು. ಆಯಿ ಮುಚ್ಚಳ ತೆಗೆಯದೆ ಡಬ್ಬಿ ಹಿಡಿದು ನಿಂತಿದ್ದರು. ಆ ಹೊತ್ತಿನಲ್ಲಿ ನಾನು ಆಯಿಯ ಕರಾರಿಗೂ ಹೆದರಿದೆ, ಮಗಳ ಮುಖಕ್ಕೂ ಹೆದರಿದೆ.

ಮಗಳು ಅಣ್ಣನ ತಾಟು ನೋಡಿದಳು, ತನ್ನದನ್ನು ನೋಡಿದಳು. "ಅಣ್ಣಂದು ಬ್ಯಾಡ. ನಂದು ಕೊಯ್ಯೂದೂ ಬ್ಯಾಡ" ಎಂದು ತನ್ನ ತಾಟನ್ನೇ ಎರಡೂ ಕೈಯಿಂದ ಎತ್ತಿ, ಕೋಡು ಮುರಿದ ಎತ್ತುಗಳ ನಡುವೆ ಕೊಟ್ಟಿಗೆಯೊಳಗೆ ಇಟ್ಟಳು. ಆಯಿ ಮುಚ್ಚಳ ತೆಗೆದರು. ಅವಳು ಬಾಲಯೇಸುವನ್ನು ಎತ್ತಿ ಆ ಮೊನೆಗಳ ನಡುವೆ, ಬರಿಯ ಎರೆಮಣ್ಣಿನ ಮೇಲೆ ಮಲಗಿಸಿ, "ಇಲ್ಲೇ ಮಲಗ್ಲಿ. ಸುತ್ತಲೂ ಬೆಳೀತಾವು" ಎಂದಳು. ಲಟ್ಟಣಿಗೆಯ ತಾಲೀಮು ವ್ಯರ್ಥವಾಗಲಿಲ್ಲ, ಒಂದು ಮೊಳಕೆಯೂ ಮುರಿಯಲಿಲ್ಲ. ಆಯಿ ಬೇಗ ಮುಖ ತಿರುಗಿಸಿ, "ನಡೀರಿ, ಫಾದರ್ ಬಂದಿರ್ತಾರ" ಎಂದು ನಮ್ಮನ್ನು ಚರ್ಚಿಗೆ ಹೊರಡಿಸಿದರು.

ಹಬ್ಬದ ದಿನ ಡಬ್ಬಿಯಲ್ಲಿ ಉಳಿದಿದ್ದ ಗೋಧಿಯಿಂದ ಹುಗ್ಗಿ ಮಾಡಿದೆ. ಓಣಿಗೆಲ್ಲ ಹಂಚಿದರೂ ಉಳಿಯಿತು. ಆಮೇಲಿನ ಬೆಳಿಗ್ಗೆಗಳು ಮಗಳವು. ಎದ್ದೊಡನೆ ಓಡಿ, "ಕೂಸಿನ ಮೊಣಕಾಲತನಕ ಬಂದಾವು!" "ಇವತ್ತ ಕೈ ಮುಚ್ಯಾವು!" ಎಂದು ಸುದ್ದಿ ತರುವಳು. ಮಗ ತಾನಾಗಿಯೇ ಸ್ಕೇಲು ತಂದುಕೊಟ್ಟ. ಅಷ್ಟರಲ್ಲಿ ಅವನ ತಾಟಿನ ಗೋಧಿ ಹಳದಿಯಾಗಿ ವಾಲಿತು.

ಆ ವರ್ಷ ಎಳ್ಳಮಾವಾಸ್ಯೆ ಆ ದಿನಗಳಲ್ಲೇ ಬಂತು. ಕಾಕು ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಎರಚಿ ಬಂದು, ಸಂಜೆ ನಮಗೂ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ತಂದರು. ಗೋದಲಿ ನೋಡಲು ಬಗ್ಗಿದ ಕಾಕು ಹಸಿರಿನ ನಡುವೆ ಮಲಗಿದ ಕೂಸನ್ನು ಕಂಡು, "ಅಯ್ಯ ಯವ್ವಾ, ನಿಮ್ಮ ಹೊಲಾ ನಮ್ಮದಕ್ಕಿಂತ ಚಲೋ ಬಂದೈತಿ" ಎಂದು ಕಡುಬಿನ ಚೂರೊಂದನ್ನು ಮುರಿದು ತಾಟಿನ ಅಂಚಿಗೆ ಇಟ್ಟರು. "ಬೆಳಿ ನಿಂತಲ್ಲಿ ಚರಗ ಚೆಲ್ಲದ ಹೋಗಬಾರದವಾ." ಗೋದಲಿಗೆ ಚರಗ ನಡೆಯುತ್ತದೋ ಇಲ್ಲವೋ ಎಂದು ನಾನು ಆಯಿಯ ಮುಖ ನೋಡಿದೆ. ಆಯಿ, "ಮಣ್ಣು ಆಕೀದ ಐತೆಲ್ಲ" ಎಂದು ನಕ್ಕರು.

ಮೂರು ರಾಯರ ಹಬ್ಬದ ದಿನ ಕೂಸು ಕಾಣದಷ್ಟು ಗೋಧಿ ಬೆಳೆದಿತ್ತು. ಹಸಿರು ಸರಿಸಿ ಹುಡುಕಬೇಕು. ಆಯಿ ಎಂದಿನಂತೆ ಟ್ರಂಕಿನಿಂದ ಡಬ್ಬಿ ತಂದು ಮುಚ್ಚಳ ತೆಗೆದು ಮುಂದೆ ಹಿಡಿದರು. ಮಗಳು ಕೈ ಚಾಚಿದವಳು ಹಿಂದೆ ತೆಗೆದುಕೊಂಡಳು.

"ಆಯಿ, ನೀ ಎತ್ತು."

"ನಾ ಯಾಕವಾ? ಅದು ಹುಡುಗೂರ ಕೆಲಸ."

"ಎರಡನೇ ಸಲ ಬಿತ್ತಿದಾಗ ಮಣ್ಣ ಮುಚ್ಚಿದಾಕಿ ನೀನು. ಅರ್ಧಾ ಗೋದಿ ನಿಂದು. ಬೆಳದಾವ್ರ ಎತ್ತಬೇಕಂತ ನೀನ ಹೇಳಿಲ್ಲೇನು?"

ಕರಾರು ಹಾಕಿದವರು ಕರಾರಿಗೇ ಸಿಕ್ಕಿಬಿದ್ದರು. ಮಗಳು ಅವರ ಕೈಯಿಂದ ಡಬ್ಬಿ ಇಸಿದುಕೊಂಡಳು. ಆಯಿ ಸೆರಗಿಗೆ ಕೈ ಒರೆಸಿಕೊಂಡು, ಗೋಧಿ ಸರಿಸಿ, ಎರಡೂ ಅಂಗೈಯಿಂದ ಕೂಸನ್ನು ಎತ್ತಿದರು. ಬೆನ್ನಿಗೆ ಎರೆಮಣ್ಣು ಮೆತ್ತಿಕೊಂಡಿತ್ತು. ಅದನ್ನು ಒರೆಸಲಿಲ್ಲ. ಹೆಬ್ಬೆರಳಿನಿಂದ ಅದರ ಹಣೆ ಸವರಿದರು. "ಇಷ್ಟ ಹಗರ ಅದಾನೇನವಾ ಇಂವ" ಎಂದರು, ನನಗೋ, ಮಗಳಿಗೋ, ಯಾರಿಗೋ.

ಡಬ್ಬಿ ತೆರೆದು ಮುಂದೆ ಹಿಡಿದು ನಿಂತವಳು ಈ ಸಲ ನನ್ನ ಮಗಳು. ಸೋತ ಕೈಯನ್ನು ಬದಲಿಸಿ ಬದಲಿಸಿ ಹಿಡಿದಳು. ಆಯಿಗೆ ಅವಸರವಿರಲಿಲ್ಲ.